ಮಂತ್ರಿ ಎದುರಿಗೆ ನಿಂತರೆ ನಾಲಗೆ ಯಾಕೆ ಒಣಗುತ್ತೆ?

ವೈಂಡಿಂಗ್ ಅಂಗಡಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಬರೆಯೋಕೆ ಸ್ವಲ್ಪ ನಾಚಿಕೆ ಆಗುತ್ತಿದೆ. ಆದರೆ ಮನೆಯಲ್ಲಿ ಹೇಳಿಕೊಳ್ಳೋಕೂ ಆಗದೆ ಎಂಟು ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ.

ನಾನು ಹರಿಹರ ಕಡೆ ಒಂದು ಹಳ್ಳಿಯವನು. ದಾವಣಗೆರೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇದೆ. ವಯಸ್ಸು 46. ಸುಟ್ಟ ಪಂಪ್‌ಸೆಟ್ ಹೊತ್ತು ತರುವ ರೈತರ ಜೊತೆ ದಿನವಿಡೀ ರಾಜಕೀಯ ಮಾತಾಡುತ್ತೇನೆ. ತಾಮ್ರದ ತಂತಿ ಸುತ್ತುತ್ತಾ ಎಷ್ಟು ಮಂತ್ರಿಗಳನ್ನು ಮನೆಗೆ ಕಳಿಸಿದ್ದೇನೋ ಲೆಕ್ಕ ಇಲ್ಲ. "ಎದುರಿಗೆ ಸಿಗಲಿ, ಕೇಳೇ ಬಿಡ್ತೀನಿ" ಅನ್ನೋದು ನನ್ನ ಖಾಯಂ ಡೈಲಾಗು.

ಹೋದ ಶನಿವಾರ ಸಿಕ್ಕರು.

ವಿಷಯ ಇಷ್ಟೇ. ನಮ್ಮವ್ವನಿಗೆ 74. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ ಬರುತ್ತಿತ್ತು. 9 ತಿಂಗಳಿಂದ ನಿಂತಿದೆ. ಕಚೇರಿಗೆ ಆರು ಸಲ ಅಲೆದೆ. ಒಂದು ಸಲ ಸರ್ವರ್ ಇಲ್ಲ, ಇನ್ನೊಂದು ಸಲ ಸಾಹೇಬರಿಲ್ಲ, ಮತ್ತೊಂದು ಸಲ "ನಮ್ಮ ಕಡೆಯಿಂದ ಹೋಗಿದೆ, ನೀವೇ ನೋಡಿಕೊಳ್ಳಿ". ಆರನೇ ಸಲ ಗುಮಾಸ್ತರ ಜೊತೆ ಜಗಳ ಆಡಿ ಬಂದೆ. ಮಂತ್ರಿಗಳು ಶನಿವಾರ ಐಬಿಯಲ್ಲಿ, ಅಂದರೆ ಸರ್ಕಾರಿ ಬಂಗಲೆಯಲ್ಲಿ, ಜನರನ್ನು ನೋಡುತ್ತಾರೆ ಅಂತ ಪಕ್ಕದ ಟೈರ್ ಅಂಗಡಿಯವನು ಹೇಳಿದ. ಯಾವ ಮಂತ್ರಿ, ಯಾವ ಪಕ್ಷ ಅಂತ ಕೇಳಬೇಡಿ. ನನ್ನ ಪ್ರಶ್ನೆ ಅವರ ಬಗ್ಗೆ ಅಲ್ಲ, ನನ್ನ ಬಗ್ಗೆ.

ರಾತ್ರಿ ಕೂತು ನಾಲ್ಕು ಪುಟ ಬರೆದೆ. ಬಚ್ಚಲಲ್ಲಿ ಎರಡು ಸಲ ಪ್ರಾಕ್ಟೀಸ್ ಮಾಡಿದೆ. "ಸ್ವಾಮಿ, 74 ವರ್ಷದ ಮುದುಕಿಯನ್ನು ಅಲೆದಾಡಿಸುವುದು ನಿಮ್ಮ ಸರ್ಕಾರಕ್ಕೆ ಶೋಭೆಯೇ?" ಅಂತ ಶುರು ಮಾಡುವುದು ಅಂತ ಇತ್ತು. ಬೆಳಿಗ್ಗೆ ಟೈರ್ ಅಂಗಡಿಯವನು ಕೇಳಿದ, "ಕೈ ಬೀಸ್ಕೊಂಡು ಹೊಂಟೀಯಾ? ಚೆನ್ನಾಗಿರ್ತೈತಾ?" ಅವನ ಮಾತು ಕೇಳಿ ಕೆ.ಆರ್. ಮಾರ್ಕೆಟ್ಟಿನಲ್ಲಿ 300 ರೂಪಾಯಿ ಕೊಟ್ಟು ಗುಲಾಬಿ ಹಾರ ತಗೊಂಡೆ. ಅವ್ವನ ಒಂದು ವಾರದ ಪಿಂಚಣಿ ಅದು. ಈಗ ಲೆಕ್ಕ ಹಾಕಿದರೆ ಉರಿಯುತ್ತೆ.

9 ಗಂಟೆ ಅಂದಿದ್ದರು. ಎಂಟೂವರೆಗೇ ಹೋದೆ. ಆಗಲೇ ನೂರು ಜನ ಇದ್ದರು. ಅರಿಶಿನ ಹಚ್ಚಿದ ಲಗ್ನಪತ್ರಿಕೆ ಹಿಡಿದವರು, ಟ್ರಾನ್ಸ್‌ಫರ್‌ಗೆ ಬಂದ ಮೇಷ್ಟ್ರು, ಗುಡಿ ಕಟ್ಟಿಸುವ ಕಮಿಟಿಯವರು. ನನ್ನ ಪಕ್ಕ ಒಬ್ಬ ಅಜ್ಜ, ಮುಖ್ಯಮಂತ್ರಿ ಪರಿಹಾರ ನಿಧಿಗೆ ಅಂತ ಆಸ್ಪತ್ರೆ ಬಿಲ್ಲುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದಿದ್ದ. ಹತ್ತು ನಿಮಿಷಕ್ಕೊಮ್ಮೆ ಕವರ್ ಬಿಚ್ಚಿ, ಬಿಲ್ಲು ಎಣಿಸಿ, ಮತ್ತೆ ಸುತ್ತುತ್ತಿದ್ದ. ಮಂತ್ರಿ ಬಂದಿದ್ದು 12.40ಕ್ಕೆ. ಒಬ್ಬರೂ ಗೊಣಗಲಿಲ್ಲ. ರೈಲ್ವೆ ಗೇಟಿನಲ್ಲಿ ಐದು ನಿಮಿಷ ನಿಲ್ಲಿಸಿದರೆ ಹಾರ್ನ್ ಹೊಡೆದು ಊರು ಎಬ್ಬಿಸುವ ಜನ ನಾವು. ಕಾರು ಒಳಗೆ ಬಂದದ್ದೇ ತಡ, ಎಲ್ಲರೂ ಎದ್ದು ನಿಂತೆವು.

ಈಗ ನನ್ನನ್ನು ಕಾಡುತ್ತಿರುವ ವಿಷಯ. ಬಾಗಿಲ ಹತ್ತಿರ ಚಪ್ಪಲಿ ರಾಶಿ ಬಿದ್ದಿತ್ತು. ಬಿಡಿ ಅಂತ ಬೋರ್ಡ್ ಇಲ್ಲ, ಯಾರೂ ಹೇಳಲೂ ಇಲ್ಲ. ಮುಂದಿನವನು ಬಿಟ್ಟ, ನಾನೂ ಬಿಟ್ಟೆ. ಒಳಗೆ ಹೋಗಿ ನೋಡುತ್ತೇನೆ, ಗನ್‌ಮ್ಯಾನ್ ಕಾಲಲ್ಲಿ ಬೂಟು. ಪಿಎ ಕಾಲಲ್ಲಿ ಷೂ. ಸೋಫಾದ ಮೇಲೆ ಇಬ್ಬರು ಕಾಂಟ್ರಾಕ್ಟರು, ಷೂ ಹಾಕಿದ ಕಾಲ ಮೇಲೆ ಕಾಲು. ಅರ್ಜಿ ಹಿಡಿದವರದ್ದು ಮಾತ್ರ ಬರಿಗಾಲು. ಗ್ರಾನೈಟ್ ನೆಲ ತಣ್ಣಗೆ ಕೊರೆಯುತ್ತಿತ್ತು.

ನನ್ನ ಸರದಿ ಬಂತು. ಹಾರ ಹಾಕಿದೆ. ಆಮೇಲೆ ಏನಾಯಿತೋ ಗೊತ್ತಿಲ್ಲ, ಬಗ್ಗಿ ಕಾಲು ಮುಟ್ಟಿಬಿಟ್ಟೆ. ಅವರು ನನಗಿಂತ ಚಿಕ್ಕವರು ಮಾರಾಯ್ರೆ!

"ಯಾವೂರು?" ಅಂದರು. ಊರ ಹೆಸರು ಹೇಳಿದೆ.

"ಓ, ಆ ದೊಡ್ಡ ಆಲದಮರ ಇರೋ ಊರಲ್ವಾ?" ಅಂದರು. ನಮ್ಮ ಕಡೆ ಆಲದಮರ ಇಲ್ಲದ ಊರು ಯಾವುದಿದೆ ಹೇಳಿ. ಆದರೂ ನನಗೆ ಎದೆ ತುಂಬಿ ಬಂತು. ನಮ್ಮೂರು ಗೊತ್ತು ಇವರಿಗೆ ಅಂತ.

"ಎಲ್ಲಾ ಆರಾಮಾ?" ಅಂದರು.

"ಆರಾಮ ಸರ್, ನಿಮ್ಮ ಆಶೀರ್ವಾದ" ಅಂದೆ.

ಯಾರೋ ಫೋಟೋ ಹೊಡೆದರು. ಮಂತ್ರಿ ಭುಜದ ಮೇಲೆ ಕೈ ಇಟ್ಟರು. ಪಿಎ ಮೊಣಕೈ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಹೊರಗೆ ಬಂದು ಚಪ್ಪಲಿ ಹುಡುಕುವಾಗ ಅಂಗಿ ಜೇಬು ಮುಟ್ಟಿ ನೋಡಿದೆ. ನಾಲ್ಕು ಪುಟದ ಅರ್ಜಿ ಅಲ್ಲೇ ಇತ್ತು, ಬೆವರಿಗೆ ಒದ್ದೆಯಾಗಿ.

ಮನೆಯಲ್ಲಿ ಹೆಂಡತಿ ಕೇಳಿದಳು, "ಏನಂದ್ರು?" "ಬಾಳ ಚೆನ್ನಾಗಿ ಮಾತಾಡಿಸಿದ್ರು" ಅಂದೆ. "ಅದೇ, ಏನಂದ್ರು?" ಉತ್ತರ ಇರಲಿಲ್ಲ. ಫೋಟೋ ಸ್ಟೇಟಸ್‌ಗೆ ಹಾಕಿದ್ದೆ. ಈಗ ನಮ್ಮ ಓಣಿಯವರು ಬಂದು, "ನಿಂಗೆ ಮಂತ್ರಿ ಪರಿಚಯ ಐತಲ್ಲ, ನಮ್ಮ ಹುಡುಗಂದು ಒಂದು ಕೆಲಸ ಐತಿ" ಅಂತಿದ್ದಾರೆ.

ಕೇಳಬೇಕಾದ್ದು ಇಷ್ಟು. ಇದು ನನಗೊಬ್ಬನಿಗೇನಾ, ಎಲ್ಲರಿಗೂ ಹೀಗೇ ಆಗುತ್ತಾ? ಮುಂದಿನ ಶನಿವಾರ ಮತ್ತೆ ಬರ್ತಾರಂತೆ. ಹೋಗಬೇಕಾ? ಹೋದರೆ ಹೇಗೆ ಮಾತಾಡಬೇಕು?

ಹಳೇ ಗುಮಾಸ್ತ:

ವೈಂಡಿಂಗ್ ಅಂಗಡಿಯವರೇ, ನೀವು ಆರನೇ ಸಲ ಜಗಳ ಆಡಿದ್ದು ನನ್ನಂಥ ಒಬ್ಬರ ಜೊತೆ. ನಾನು ಕಂದಾಯದಲ್ಲಿ 31 ವರ್ಷ ಕೆಲಸ ಮಾಡಿ ರಿಟೈರ್ ಆದವನು. ನಿಮ್ಮ ಮೇಲೆ ಕೋಪ ಇಲ್ಲ. ಆ ಕಡೆಯ ಮೇಜಿನಿಂದ ಇದು ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ.

ಅರ್ಜಿ ಕೊಟ್ಟಿದ್ದರೂ ಏನಾಗುತ್ತಿತ್ತು ಗೊತ್ತಾ? ಮಂತ್ರಿಗಳು ಮೇಲಿನ ಮೂಲೆಯಲ್ಲಿ ಒಂದು ಷರಾ ಬರೆಯುತ್ತಾರೆ. ಷರಾದಲ್ಲೂ ಜಾತಿಗಳಿವೆ. "ಪರಿಶೀಲಿಸಿ" ಅಂದರೆ ಮರೆತುಬಿಡಿ. "ನಿಯಮಾನುಸಾರ ಕ್ರಮ ವಹಿಸಿ" ಅಂದರೆ ಆಗುವಂತಿದ್ದರೆ ಮಾಡಿ, ಆಗದಿದ್ದರೆ ನನ್ನನ್ನು ಎಳೆಯಬೇಡಿ. "ಮಾತನಾಡಿ" ಅಂತ ಬರೆದಿದ್ದರೆ ಮಾತ್ರ ನಾವು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದೆವು. ಷರಾ ಬಿದ್ದ ಕಾಗದ ಪಿಎ ಫೈಲಿಗೆ, ಅಲ್ಲಿಂದ ಡಿಸಿ ಆಫೀಸಿಗೆ, ಅಲ್ಲಿಂದ ತಹಶೀಲ್ದಾರರಿಗೆ, ಅಲ್ಲಿಂದ ವಿಷಯ ನಿರ್ವಾಹಕರಿಗೆ. ವಿಷಯ ನಿರ್ವಾಹಕರು ಅಂದರೆ ನೀವು ಜಗಳ ಆಡಿದ ಅದೇ ಗುಮಾಸ್ತರು. ಊರೆಲ್ಲ ಸುತ್ತಿ ಕಾಗದ ಬಂದು ಬೀಳುವುದು ಅದೇ ಮೇಜಿಗೆ. ಅಡ್ಡಬಿದ್ದು ಬರೆಸಿಕೊಂಡ ಷರಾ ಆದರೂ ಅಷ್ಟೇ, ನಿಂತು ಕೇಳಿ ಬರೆಸಿಕೊಂಡ ಷರಾ ಆದರೂ ಅಷ್ಟೇ.

ಆದ್ದರಿಂದ ನಾಲ್ಕು ಪುಟ ಬೇಡ. ಒಂದೇ ಪುಟ, ಒಂದೇ ವಿಷಯ. ಫೋನ್ ನಂಬರ್ ಎಲ್ಲಕ್ಕಿಂತ ಮೇಲೆ ಬರೆಯಿರಿ, ಕೆಳಗೆ ಬರೆದರೆ ಪಿನ್ ಹೊಡೆಯುವಾಗ ಮುಚ್ಚಿಹೋಗುತ್ತೆ. ಪಿಂಚಣಿ ಆದೇಶದ ಜೆರಾಕ್ಸ್ ಲಗತ್ತಿಸಿ. ಅಸಲು ಕೊಡಬೇಡಿ. ಅಸಲು ಕೊಟ್ಟು ಅತ್ತವರನ್ನು ಬಹಳ ನೋಡಿದ್ದೇನೆ. ಅರ್ಜಿಯದ್ದೇ ಇನ್ನೊಂದು ಜೆರಾಕ್ಸಿನ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಅದೇ ನಿಮ್ಮ ಸ್ವೀಕೃತಿ. 1902ಕ್ಕೆ ಫೋನ್ ಮಾಡಿದರೆ ಸರ್ಕಾರದ ದೂರು ವ್ಯವಸ್ಥೆ ಜನಸ್ಪಂದನದಲ್ಲೂ ದೂರು ದಾಖಲಾಗುತ್ತೆ. ಅಲ್ಲಿ ಹಾರ ಬೇಕಾಗಿಲ್ಲ.

ಮಂತ್ರಿ ಹತ್ತಿರ ಹೋಗುವ ಮೊದಲು ಇನ್ನೊಂದು ಕೆಲಸ ಮಾಡಿ. ನಿಮ್ಮ ತಾಯಿಗೆ ಎರಡು ಬ್ಯಾಂಕ್ ಖಾತೆ ಇದೆಯಾ? ಈಗ ದುಡ್ಡು ಹೋಗುವುದು ಆಧಾರ್ ಯಾವ ಖಾತೆಗೆ ಮ್ಯಾಪ್ ಆಗಿದೆಯೋ ಅದಕ್ಕೆ. ಕೊನೆಯಲ್ಲಿ ಯಾವ ಬ್ಯಾಂಕಿನಲ್ಲಿ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ. ಹಳೇ ಪಾಸ್‌ಬುಕ್ ನೋಡಿಕೊಂಡು ದುಡ್ಡು ಬಂದಿಲ್ಲ ಅಂತ ಬರುವವರು ವಾರಕ್ಕೆ ಹತ್ತು ಜನ ಇರುತ್ತಿದ್ದರು. ಆ ಗುಮಾಸ್ತರು "ನಮ್ಮ ಕಡೆಯಿಂದ ಹೋಗಿದೆ" ಅಂದಿದ್ದರೆ ನನಗೆ ಅದೇ ಅನುಮಾನ. ಬಿಡಿಸಿ ಹೇಳಬೇಕಿತ್ತು ಅವರು. ಹೇಳಲಿಲ್ಲ, ಅದು ತಪ್ಪು.

ಹಾರದ ಬಗ್ಗೆ ಒಂದು ಮಾತು. 2021ರಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆಗಿದ್ದಾಗ ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಹೇಳಿದರು. 2023ರ ಮೇನಲ್ಲಿ ಸಿದ್ದರಾಮಯ್ಯ ಅಧಿಕಾರಕ್ಕೆ ಬಂದಾಗ ಅವರೂ ಅದನ್ನೇ ಹೇಳಿದರು. ಎರಡು ಪಕ್ಷದ ಮುಖ್ಯಮಂತ್ರಿಗಳು ಬೇಡ ಅಂದರೂ ಹೂವಿನ ಅಂಗಡಿಗಳಲ್ಲಿ ವ್ಯಾಪಾರ ಕಮ್ಮಿ ಆಗಲಿಲ್ಲ. ಬೇಡ ಅನ್ನುವುದನ್ನು ನಾವು ಊಟದ ಮನೆಯ "ಸಾಕು ಸಾಕು" ಥರ ತಗೊಳ್ಳುತ್ತೇವೆ. ಸಾಕು ಅಂದರೂ ಇನ್ನೊಂದು ಹೋಳಿಗೆ.

ನಾಲಗೆ ಒಣಗುವುದರ ಬಗ್ಗೆ ಕೇಳಿದಿರಿ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ, ಜೆ.ಎಚ್. ಪಟೇಲರ ಕಾಲದಲ್ಲಿ. ಅದಕ್ಕೂ ಮುಂಚೆ ಡಿಸಿಗೆ ಅರ್ಜಿ ಕೊಡಬೇಕಾದರೆ ಚಿತ್ರದುರ್ಗಕ್ಕೆ 60 ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕಿತ್ತು. ಅಷ್ಟು ದೂರ ಬಂದವರು ಡಿಸಿ ಕೋಣೆಯ ಬಾಗಿಲು ತೆಗೆದ ತಕ್ಷಣ ಬಂದ ಕೆಲಸ ಮರೆತು, "ಏನಿಲ್ಲ ಬುದ್ಧಿ, ಸುಮ್ನೆ ನೋಡಿ ಹೋಗಾಣ ಅಂತ ಬಂದ್ವಿ" ಅನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ನೀವು ಮೊದಲನೆಯವರಲ್ಲ.

ಜೈಕಾರ ಬ್ರದರ್:

ಅಣ್ಣಾ, ಸೂಪರ್ ಬರೆದಿದ್ದೀರಿ. ನಾನು ಆ ಕಡೆಯವನು. ಅಂದರೆ ಮಂತ್ರಿ ಕಾರಿನ ಹಿಂದೆ ಬೈಕಲ್ಲಿ ಹೋಗೋನು, ಜೈಕಾರ ಹಾಕೋನು, ಜೆಸಿಬಿ ಮೇಲೆ ನಿಂತು ಹೂವು ಸುರಿಯೋನು. ಸೇಬಿನ ಹಾರ ಕ್ರೇನಿಗೆ ಕಟ್ಟಿದವರಲ್ಲಿ ನಾನೂ ಒಬ್ಬ. ಕಾರ್ಯಕ್ರಮ ಮುಗಿದ ಎರಡು ನಿಮಿಷಕ್ಕೆ ಒಂದು ಸೇಬೂ ಉಳಿಯಲ್ಲ, ಬರೀ ದಾರ ನೇತಾಡ್ತಿರುತ್ತೆ.

ನಿಮ್ಮ 300 ರೂಪಾಯಿ ಹಾರದ ಕಥೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅದು ಕೊರಳಲ್ಲಿ ಇರೋದು ಫೋಟೋ ಹೊಡೆಯೋವರೆಗೆ. ಆಮೇಲೆ ಗನ್‌ಮ್ಯಾನ್ ತೆಗೆದು ಹಿಂದಕ್ಕೆ ಕೊಡ್ತಾನೆ, ಹಿಂದಿನವನು ಕಿಟಕಿ ಮೇಲೆ ಇಡ್ತಾನೆ. ಸಾಯಂಕಾಲ ಐಬಿ ಹಿಂದುಗಡೆ ಆಡುಗಳಿಗೆ ಹಬ್ಬ.

ಜನ ಕೈ ಮುಗಿಯೋದು ಮನುಷ್ಯನಿಗಲ್ಲ, ಆ ಗೂಟದ ಕಾರಿಗೆ. ಇದನ್ನು ನಾನು ಕಣ್ಣಾರೆ ಕಂಡಿದ್ದೀನಿ. ನಮ್ಮ ನಾಯಕರೊಬ್ಬರು ಒಂದು ಎಲೆಕ್ಷನ್‌ನಲ್ಲಿ ಸೋತರು. ಹೆಸರು ಬೇಡ. ಅದಕ್ಕೆ ಮುಂಚೆ ಅವರ ಮನೆ ಮುಂದೆ ಬೆಳಿಗ್ಗೆ ಏಳಕ್ಕೇ ಬೈಕ್ ನಿಲ್ಸೋಕೆ ಜಾಗ ಸಿಗ್ತಿರಲಿಲ್ಲ. ಸೋತ ಮೂರು ತಿಂಗಳಿಗೆ ಒಂದು ಬೆಣ್ಣೆದೋಸೆ ಹೋಟೆಲಲ್ಲಿ ಒಬ್ಬರೇ ಕೂತಿದ್ರು. ಅವರೇ ದೋಸೆಗೆ ಟೋಕನ್ ತಗೊಂಡಿದ್ರು. ಪಕ್ಕದ ಟೇಬಲ್ಲಿನವರು ಎದ್ದು ನಿಲ್ಲೋದಿರಲಿ, ಸರಿದು ಜಾಗ ಕೂಡ ಕೊಡಲಿಲ್ಲ. ನಾನು? ನಾನು ಬಾಗಿಲಲ್ಲೇ ಫೋನ್ ಬಂದವನ ಥರ ಕಿವಿಗೆ ಮೊಬೈಲ್ ಇಟ್ಟುಕೊಂಡು ವಾಪಸ್ ಹೋದೆ. ಆವತ್ತಿನ ದೋಸೆ ಇವತ್ತಿಗೂ ತಿಂದಿಲ್ಲ ಅಣ್ಣಾ.

2022ರ ಆಗಸ್ಟ್ 3ಕ್ಕೆ ನಮ್ಮ ದಾವಣಗೆರೆಯಲ್ಲಿ ಸಿದ್ದರಾಮಯ್ಯ ಅವರ 75ನೇ ವರ್ಷದ ಕಾರ್ಯಕ್ರಮ ಆಯ್ತಲ್ಲ, ಆಗ ಅವರು ವಿರೋಧ ಪಕ್ಷದಲ್ಲಿ ಇದ್ದರು. ಎಂಥಾ ಜನ ಸೇರಿತ್ತು ಅಂತ ಊರಿಗೇ ಗೊತ್ತು. ಹಾಗಾಗಿ ಅಧಿಕಾರ ಒಂದೇ ಅಂತಾನೂ ಹೇಳೋಕಾಗಲ್ಲ. ಮುಂದೆ ಬರಬಹುದು ಅನ್ನೋ ವಾಸನೆ ಇದ್ದರೂ ಜನ ಬರ್ತಾರೆ. ಬರಲ್ಲ ಅಂತ ಗ್ಯಾರಂಟಿ ಆದ ದಿನ ಮಾತ್ರ ಒಂಟಿ ದೋಸೆ.

ನಿಮಗೆ ಟಿಪ್ಸು: ಒಳಗೆ ಹೋಗಿ ಸಾಲಲ್ಲಿ ನಿಲ್ಲಬೇಡಿ. ಪಿಎ ಜೊತೆ ಇರೋ ಹುಡುಗನನ್ನು ಪರಿಚಯ ಮಾಡ್ಕೊಳ್ಳಿ, ಟೀ ಕುಡಿಸಿ. ಅರ್ಜಿ ಅವನ ಕೈಗೆ ಕೊಡಿ. ಆಮೇಲೆ ಬೇಕಾದರೆ ಸೆಲ್ಫಿ.

ವೈಂಡಿಂಗ್ ಅಂಗಡಿ:

ಬ್ರದರ್, ಆಡುಗಳ ವಿಷಯ ಹೇಳಬಾರದಿತ್ತು ನೀವು.

ಗುಮಾಸ್ತರೇ, ಅವ್ವನಿಗೆ ಮೊದಲಿಂದ ಪೋಸ್ಟಾಫೀಸ್ ಖಾತೆ. ಬೆಳೆ ಪರಿಹಾರ ಬರುತ್ತೆ ಅಂತ ಹೋದ ವರ್ಷ ಬೇರೆ ಬ್ಯಾಂಕಿನಲ್ಲಿ ಒಂದು ಖಾತೆ ತೆಗೆಸಿದ್ದೆ. ಅದರ ಪಾಸ್‌ಬುಕ್ ಎಲ್ಲಿದೆಯೋ ನೋಡಬೇಕು. ನಮ್ಮ ವಿಷಯ ಅದಿರಲಾರದು ಅನ್ನಿಸುತ್ತೆ. ಆದರೂ ಸೋಮವಾರ ಕೇಳುತ್ತೇನೆ.

ಕೋಟೆ ಕೆಳಗಿನ ಮನೆ, ಚಿತ್ರದುರ್ಗ:

ಅಣ್ಣಾ, ಎಲ್ಲರೂ ನಿಮ್ಮನ್ನು ನೋಡಿ ನಗ್ತಿದ್ದಾರೆ, ನನಗೆ ನಗು ಬರಲಿಲ್ಲ. ನಾನು ಚಳ್ಳಕೆರೆ ಕಡೆ ಹುಟ್ಟಿದವಳು, ಮದುವೆ ಆಗಿ ದುರ್ಗಕ್ಕೆ ಬಂದೆ. ಕೈ ಮುಗಿಯೋದೆಲ್ಲ ಹೆದರಿಕೆ ಅಂತ ನಾನು ಒಪ್ಪಲ್ಲ. ನಾಳೆಯೂ ಅದೇ ಆಫೀಸಿಗೆ ಹೋಗಬೇಕು, ಅದೇ ಜನರ ಹತ್ತಿರ ಕೆಲಸ ಆಗಬೇಕು. ಗಟ್ಟಿಯಾಗಿ ಮಾತಾಡಿ ಬರೋರಿಗೆ ಬೇರೆ ದಾರಿ ಇರುತ್ತೆ. ಬೇರೆ ದಾರಿ ಇಲ್ಲದವರು ನಯವಾಗಿ ಇರ್ತಾರೆ. ಅದು ಲೆಕ್ಕಾಚಾರ. ನಮ್ಮ ಹೆಂಗಸರಿಗೆ ಈ ಲೆಕ್ಕ ಮನೆಯಲ್ಲೇ ರೂಢಿ ಆಗಿರುತ್ತೆ.

ಆದರೆ ಒಬ್ಬರೇ ನಿಂತಾಗ ಒಂದು ಥರ, ಗುಂಪಿದ್ದಾಗ ಇನ್ನೊಂದು ಥರ. ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ನೀರಿಗೆ ಬಾಳ ತ್ರಾಸು. ಒಂದು ದಿನ ಮಂತ್ರಿ ಕಾರು ಹೋಗೋ ದಾರಿಗೆ ಹೆಂಗಸರೆಲ್ಲ ಖಾಲಿ ಕೊಡ ಅಡ್ಡ ಇಟ್ಟು ಕೂತರು. ನಮ್ಮ ದೊಡ್ಡಮ್ಮ, ಮನೆಯಲ್ಲಿ ದೊಡ್ಡಪ್ಪನ ಎದುರು ಒಂದು ಮಾತು ಆಡದವಳು, ಕೊಡ ಬಡಿದು ಬಡಿದು ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ. ಕಾರು ನಿಂತಿತು. ಮಂತ್ರಿ ಇಳಿದು ಬಂದರು. ಸೀದಾ ದೊಡ್ಡಮ್ಮನ ಮುಂದೆ ನಿಂತು, "ಏನಮ್ಮಾ ನಿನ್ನ ಹೆಸರು?" ಅಂದರು. ಅಷ್ಟೇ. ದೊಡ್ಡಮ್ಮ ಸೆರಗು ತಲೆ ಮೇಲೆ ಎಳೆದುಕೊಂಡು, "ಏನಿಲ್ಲ ತಗಳ್ರಿ" ಅಂತ ಹಿಂದೆ ಸರಿದಳು. ಹಿಂದಿದ್ದವರು ನಕ್ಕರು. ಟ್ಯಾಂಕರ್ ಮಾತ್ರ ಮಾರನೇ ದಿನ ಬಂತು. ಅದು ಕೊಡಕ್ಕೆ ಬಂತೋ ಸೆರಗಿಗೆ ಬಂತೋ ನನಗೆ ಗೊತ್ತಿಲ್ಲ.

"ಏನಮ್ಮಾ ನಿನ್ನ ಹೆಸರು" ಅಂದರಲ್ಲ, ದೊಡ್ಡಮ್ಮನಿಗೆ ಆಗ ಅವರಿಗಿಂತ ಹತ್ತು ವರ್ಷ ಜಾಸ್ತಿ. ನಾವು ಅವರಿಗೆ "ತಾವು", ಅವರು ನಮಗೆ "ನೀನು". ಮಾತು ಶುರು ಆಗೋ ಮುಂಚೆಯೇ ಯಾರು ಮೇಲೆ ಯಾರು ಕೆಳಗೆ ಅಂತ ತೀರ್ಮಾನ ಆಗಿರುತ್ತೆ. ಸರ್ಕಾರ ಜನರ ಅಹವಾಲು ಕೇಳೋ ಕಾರ್ಯಕ್ರಮದ ಹೆಸರೇ ನೋಡಿ, ಜನತಾ ದರ್ಶನ. 2023ರ ಸೆಪ್ಟೆಂಬರ್ 25ಕ್ಕೆ ಎಲ್ಲ ಜಿಲ್ಲೆಯಲ್ಲೂ ಒಂದೇ ದಿನ ಮಾಡಿದರಲ್ಲ. ಜನರ ದರ್ಶನ ಅವರಿಗೆ ಅಂತ ಅರ್ಥ. ಆದರೆ ನಮ್ಮ ಕಿವಿಗೆ ದರ್ಶನ ಅಂದರೆ ಗುಡಿ, ಗುಡಿ ಅಂದರೆ ಸಾಲು, ಸಾಲು ಅಂದರೆ ಹೂವು ಹಣ್ಣು. ನೀವು ಚಪ್ಪಲಿ ಬಿಟ್ಟಿದ್ದು ಅದಕ್ಕೇ ಅಲ್ವಾ?

ಎಲ್ಲವೂ ಅಧಿಕಾರದ ಭಯ ಅಂತಾನೂ ಅಲ್ಲ. ನಿಜಲಿಂಗಪ್ಪನವರು ಎರಡು ಸಲ ಮುಖ್ಯಮಂತ್ರಿ ಆಗಿದ್ದವರು, ಕೊನೆಗಾಲದಲ್ಲಿ ನಮ್ಮ ದುರ್ಗದಲ್ಲೇ ಇದ್ದರು. ಅಧಿಕಾರ ಬಿಟ್ಟು ಎಷ್ಟೋ ವರ್ಷ ಆಗಿತ್ತು. ನಮ್ಮ ಮಾವನವರು ಆ ಮನೆ ಮುಂದೆ ಬಂದಾಗಲೆಲ್ಲ ಸೈಕಲ್ ಇಳಿದು ತಳ್ಳಿಕೊಂಡು ಹೋಗುತ್ತಿದ್ದರಂತೆ. ಒಳಗಿದ್ದವರಿಗೆ ಅದು ಕಾಣುತ್ತಲೂ ಇರಲಿಲ್ಲ. ಏನೂ ಕೇಳೋಕೆ ಇರಲಿಲ್ಲ. ಅದನ್ನು ಮರ್ಯಾದೆ ಅಂತೀನಿ ನಾನು. ಜೈಕಾರ ಬ್ರದರ್ ಹೇಳಿದ ಒಂಟಿ ದೋಸೆಗೂ ಇದಕ್ಕೂ ಅಜಗಜಾಂತರ.

2022ರಲ್ಲಿ ವಾಣಿವಿಲಾಸ ಸಾಗರ ಅಣೆಕಟ್ಟು 1933 ಆದಮೇಲೆ ಮೊದಲ ಸಲ ಕೋಡಿ ಬಿತ್ತಲ್ಲ, ನಾವೂ ನೋಡೋಕೆ ಹೋಗಿದ್ವಿ. ಅಲ್ಲಿಗೆ ಒಬ್ಬರು ದೊಡ್ಡ ಮನುಷ್ಯರು ಕಾರಲ್ಲಿ ಬಂದರು, ಹಿಂದೆ ಮುಂದೆ ಜನ. ಒಬ್ಬರೂ ತಿರುಗಿ ನೋಡಲಿಲ್ಲ. ಎಲ್ಲರ ಕಣ್ಣೂ ನೀರಿನ ಮೇಲೆ. ಜಾಗ ಬಿಡಿ ಅಂದ ಪೊಲೀಸಪ್ಪನೂ ನೀರೇ ನೋಡ್ತಿದ್ದ.

ಅಣ್ಣಾ, ಒಂದು ಮಾತು ಹೇಳ್ತೀನಿ. ಈ ಸಲ ನೀವು ಮಾತಾಡಬೇಡಿ. ಪಿಂಚಣಿ ಯಾರದ್ದೋ ಅವರನ್ನೇ ಕರಕೊಂಡು ಹೋಗಿ. ಅವರಿಗೆ ಕೂರೋಕೆ ಒಂದು ಕುರ್ಚಿ ಕೇಳಿ. ಅದಷ್ಟನ್ನು ಮಾತ್ರ ಗಟ್ಟಿಯಾಗಿ ಕೇಳಿ.

ಖಾರ ಮಂಡಕ್ಕಿ:

ಎಲೆಕ್ಷನ್ ಟೈಮಲ್ಲಿ ಅವರು ನಮ್ಮ ಬಾಗಿಲಿಗೆ ಬಂದು ಕೈ ಮುಗೀತಾರೆ. ಆಗ ನಾವು ಒಳಗಿಂದ ಮಗನ ಕೈಲಿ "ಅಪ್ಪ ಮನೇಲಿಲ್ಲ" ಅಂತ ಹೇಳಿಸ್ತೀವಿ. ಐದು ವರ್ಷಕ್ಕೆ ಒಂದು ಸಲ ಅವರ ನಾಲಗೆಯೂ ಒಣಗುತ್ತೆ ಬಿಡಿ. ಲೆಕ್ಕ ಚುಕ್ತಾ.

ವೈಂಡಿಂಗ್ ಅಂಗಡಿ:

ಎಲ್ಲರೂ ಏನಾಯ್ತು ಅಂತ ಕೇಳ್ತಿದ್ದೀರಿ. ತಡ ಆಯ್ತು, ಕ್ಷಮಿಸಿ. ಅಂಗಡಿಯಲ್ಲಿ ಕೆಲಸ ಜಾಸ್ತಿ. ಈ ಸಲ ವೋಲ್ಟೇಜ್ ಏರುಪೇರಾಗಿ ಮೋಟರುಗಳು ಬಾಳ ಸುಡ್ತಿವೆ.

ಶನಿವಾರ ಅವ್ವನನ್ನು ಕರಕೊಂಡು ಹೋದೆ. ಬರಲ್ಲ ಅನ್ನಬಹುದು ಅಂದುಕೊಂಡಿದ್ದೆ. ಅವಳು ಬೆಳಿಗ್ಗೆ ಐದಕ್ಕೇ ಎದ್ದು ಇಳಕಲ್ ಸೀರೆ ಉಟ್ಟು ರೆಡಿ ಆಗಿದ್ದಳು. ಹಾರ ತಗೊಳ್ಳಲಿಲ್ಲ. ಅವ್ವ ತಾನಾಗಿ ಎರಡು ನಿಂಬೆಹಣ್ಣು ಸೆರಗಿನ ತುದಿಗೆ ಕಟ್ಟಿಕೊಂಡಳು. ನಮ್ಮ ಮನೆ ಗಿಡದ್ದು. ಒಂದು ಪುಟದ ಅರ್ಜಿ, ಮೇಲೆ ಫೋನ್ ನಂಬರು, ಜೆರಾಕ್ಸು, ಎಲ್ಲ ಗುಮಾಸ್ತರು ಹೇಳಿದ ಹಾಗೆ.

ಈ ಸಲ ಮಂತ್ರಿ ಬಂದಿದ್ದು ಹನ್ನೊಂದೂವರೆಗೆ. ಕುರ್ಚಿ ಕೇಳಿದೆ ಅಕ್ಕಾ, ಕೊಟ್ಟರು. ಒಂದು ಕುರ್ಚಿ ಕೇಳೋಕೂ ನನ್ನ ಧ್ವನಿ ನಡುಗಿತು ಅಂದರೆ ನಂಬಿ. ಸರದಿ ಬಂತು. ನಾನು ಅರ್ಜಿ ಮುಂದೆ ಹಿಡಿದು, "ಸರ್, ನಮ್ಮ ತಾಯಿಯವರದ್ದು..." ಅಂದೆ. ಅಷ್ಟಕ್ಕೇ ಗಂಟಲು ಕಟ್ಟಿತು. ಮತ್ತೆ ಅದೇ ಕಥೆ.

ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋದಳು. ಮಂತ್ರಿ ಮುಖ ಸ್ವಲ್ಪ ಹೊತ್ತು ನೋಡಿದಳು.

"ಊಟ ಮಾಡೀಯೇನಪಾ? ಮಾರಿ ಬಾಡೈತಿ" ಅಂದಳು.

ಕೋಣೆಯಲ್ಲಿ ಎಲ್ಲರೂ ಸುಮ್ಮನಾದರು. ಪಿಎ ನನ್ನ ಮುಖ ನೋಡಿದ. ಮಂತ್ರಿ ಒಂದು ಕ್ಷಣ ತಬ್ಬಿಬ್ಬಾಗಿ, "ಇಲ್ಲಮ್ಮ, ಇನ್ನೂ ಇಲ್ಲ" ಅಂದರು. ಆ ದನಿ ಹಿಂದಿನ ಶನಿವಾರ ಕೇಳಿದ ದನಿ ಅಲ್ಲ.

"ಉಣ್ಣು. ಹೊತ್ತೊತ್ತಿಗೆ ಉಣ್ಬೇಕು. ನೋಡಪಾ, ನಂದು ರೊಕ್ಕ ನಿಂತೈತಿ. ಒಂಬತ್ತು ತಿಂಗ್ಳಾತು. ಇವ್ನು ಹೇಳ್ತಾನ ಹೇಳ್ತಾನ, ಹೇಳಾಂಗಿಲ್ಲ. ನೀನರ ಹೇಳು ಅವರಿಗೆ" ಅಂದಳು. ಸೆರಗಿನ ಗಂಟು ಬಿಚ್ಚಿ ನಿಂಬೆಹಣ್ಣು ಕೈಗೆ ಕೊಟ್ಟಳು. ಮಂತ್ರಿ ಪೆನ್ನು ತೆಗೆದು ಬರೆದರು. ನಾನು ಇಣುಕಿ ನೋಡಿದೆ. "ಮಾತನಾಡಿ" ಅಂತ ಇತ್ತು! ಗುಮಾಸ್ತರೇ, ನಿಮ್ಮನ್ನು ನೆನೆಸಿಕೊಂಡೆ.

ಈಗ ಇನ್ನೊಂದು ಭಾಗ. ಇದನ್ನು ಬರೆಯೋಕೆ ಇನ್ನೂ ಜಾಸ್ತಿ ನಾಚಿಕೆ. ಮೊದಲ ಸೋಮವಾರ ಬ್ಯಾಂಕಿಗೆ ಹೋಗ್ತೀನಿ ಅಂದಿದ್ದೆನಲ್ಲ, ಹೋಗಿರಲಿಲ್ಲ. ಈ ಸೋಮವಾರ ಹೋದೆ. ಆ ಎರಡನೇ ಖಾತೆಯ ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ, 1,200, 1,200, 1,200 ಅಂತ ಸಾಲಾಗಿ ಒಂಬತ್ತು. ಒಟ್ಟು 10,800 ರೂಪಾಯಿ. ಒಂದು ತಿಂಗಳೂ ತಪ್ಪಿಲ್ಲ. ಬೆಳೆ ಪರಿಹಾರಕ್ಕೆ ಅಂತ ಖಾತೆ ತೆಗೆಸಿದ ದಿನವೇ ಆಧಾರ್ ಅಲ್ಲಿಗೆ ಹೋಗಿತ್ತು. ತೆಗೆಸಿದವನು ನಾನೇ. ಆ ಕಚೇರಿಗೆ ಹೋಗಿ ಆ ಗುಮಾಸ್ತರ ಹತ್ತಿರ ತಪ್ಪಾಯ್ತು ಅಂದೆ. ಅವರು ತಲೆ ಎತ್ತದೆ, "ಮೊದಲೇ ಹೇಳಿದ್ನಲ್ರೀ" ಅಂದರು. ಹೇಳಿದ್ದರು, ಆದರೆ ಅರ್ಥ ಆಗೋ ಹಾಗೆ ಹೇಳಿರಲಿಲ್ಲ. ಅದನ್ನು ಮಾತ್ರ ಬಿಟ್ಟುಕೊಡಲ್ಲ ನಾನು.

ಅವ್ವನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ, ಪಾಸ್‌ಬುಕ್ ತೋರಿಸಿದೆ, ತಾರೀಕು ಓದಿ ಹೇಳಿದೆ. ಕೇಳಿದಳು. ಸಾಯಂಕಾಲ ಕಟ್ಟೆ ಮೇಲೆ ಕೂತು ಓಣಿಗೆಲ್ಲ ಹೇಳುತ್ತಿದ್ದಾಳೆ, "ಆ ಹುಡುಗ ಬಾಳ ಚಲೋ ಅದಾನ. ಶನಿವಾರ ಹೇಳಿದ್ನಿ, ಸೋಮವಾರ ರೊಕ್ಕ ಹಾಕ್ಸಿದ." ನಾನು ಏನು ಹೇಳಿದರೂ ಕೇಳಲ್ಲ. ಓಣಿಯ ಇನ್ನೂ ನಾಲ್ಕು ಅಜ್ಜಿಯರು ಮುಂದಿನ ಶನಿವಾರಕ್ಕೆ ರೆಡಿ ಆಗಿದ್ದಾರೆ. ಕರಕೊಂಡು ಹೋಗೋದು ನಾನೇ ಅಂತೆ.

ಜೈಕಾರ ಬ್ರದರ್:

ಅಣ್ಣಾ, ನಾಲ್ಕು ಅಜ್ಜಿ ಓಟು ಹೋಯ್ತು. ಒಂದು ಪೆನ್ನಿನ ಖರ್ಚಲ್ಲಿ! ಜೆಸಿಬಿ ಬಾಡಿಗೆ ಗೊತ್ತಾ ನಿಮಗೆ?

ಕೋಟೆ ಕೆಳಗಿನ ಮನೆ, ಚಿತ್ರದುರ್ಗ:

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅದಿರಲಿ, ಚಪ್ಪಲಿ ಏನಾಯ್ತು ಅಣ್ಣಾ?

ವೈಂಡಿಂಗ್ ಅಂಗಡಿ:

ನಾನು ಬಿಟ್ಟೇ ಒಳಗೆ ಹೋದೆ ಅಕ್ಕಾ. ಬಾಗಿಲವರೆಗೂ ಬಿಡಬಾರದು ಅಂದುಕೊಂಡಿದ್ದೆ. ಅವ್ವ ಹಾಕಿಕೊಂಡೇ ಹೋದಳು. ಅವಳಿಗೆ ಮೊಣಕಾಲು ನೋವು, ಬಗ್ಗಿ ಬಿಚ್ಚೋಕೆ ಆಗಲ್ಲ.